ಹೋಸ್ ಪೈಪುಗಳಿಂದ ಲೋಹದ ಫಿಟ್ಟಿಂಗ್ ಬೇರ್ಪಡಿಸುವ ಯಂತ್ರ: ಬಳಕೆ, ಮಿತಿ ಮತ್ತು ಸುರಕ್ಷತೆ

ಟ್ರ್ಯಾಕ್ಟರಿನ ಟಿಪ್ಪಿಂಗ್ ಟ್ರೇಲರ್, ಪಲ್ಟಿ ನೇಗಿಲು, ತೋಟದ ಪವರ್ ಸ್ಪ್ರೇಯರ್, ನೀರೆತ್ತುವ ಪಂಪ್‌ಸೆಟ್ ಇವೆಲ್ಲವೂ ಹೋಸ್ ಪೈಪುಗಳನ್ನು ಅವಲಂಬಿಸಿ ಕೆಲಸ ಮಾಡುತ್ತವೆ. ಬಿಸಿಲು, ಎಣ್ಣೆ, ರಾಸಾಯನಿಕ ಮತ್ತು ಒತ್ತಡಗಳಿಂದ ಹೋಸಿನ ರಬ್ಬರ್ ಅಥವಾ ಪಿವಿಸಿ ಭಾಗ ಕೆಲವು ವರ್ಷಗಳಲ್ಲಿ ಬಿರುಕು ಬಿಡುತ್ತದೆ. ಆದರೆ ಅದರ ಎರಡೂ ತುದಿಗಳಲ್ಲಿರುವ ಹಿತ್ತಾಳೆ ಅಥವಾ ಉಕ್ಕಿನ ಫಿಟ್ಟಿಂಗ್‌ಗಳು ಆಗಲೂ ಗಟ್ಟಿಯಾಗಿಯೇ ಕಾಣುತ್ತವೆ. ಇವುಗಳನ್ನು ಬಿಡಿಸಿ ಹೊಸ ಪೈಪಿಗೆ ಜೋಡಿಸಿದರೆ ಖರ್ಚು ಉಳಿಯುತ್ತದೆಯಲ್ಲವೇ ಎಂಬ ಪ್ರಶ್ನೆ ರೈತರಿಗೆ ಬರುವುದು ಸಹಜ. ಹಾಗೆ ಬಿಡಿಸುವ ಯಂತ್ರಗಳೂ ಇವೆ.

ಯಂತ್ರವಿದ್ದರೆ ಫಿಟ್ಟಿಂಗ್ ಬಿಡಿಸುವುದು ಕಷ್ಟವಲ್ಲ. ಬಿಡಿಸಿದ ಫಿಟ್ಟಿಂಗನ್ನು ಮುಂದೆ ಏನು ಮಾಡಬೇಕು ಎಂಬುದೇ ಮುಖ್ಯ. ಕೆಲವು ಫಿಟ್ಟಿಂಗ್‌ಗಳನ್ನು ಧೈರ್ಯವಾಗಿ ಮರುಬಳಕೆ ಮಾಡಬಹುದು. ಕೆಲವನ್ನು ಯಾವ ಕಾರಣಕ್ಕೂ ಮಾಡಬಾರದು. ಈ ವ್ಯತ್ಯಾಸ ತಿಳಿಯದೆ ಮಾಡಿದ ಉಳಿತಾಯವು ಕೈ, ಕಣ್ಣು ಅಥವಾ ಪ್ರಾಣಕ್ಕೆ ಅಪಾಯ ತರಬಲ್ಲದು. ಆದ್ದರಿಂದ ಫಿಟ್ಟಿಂಗ್ ಹಿಡಿದುಕೊಳ್ಳುವ ಬಗೆ, ಯಂತ್ರ ಕೆಲಸ ಮಾಡುವ ರೀತಿ ಹಾಗೂ ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಫಿಟ್ಟಿಂಗ್‌ಗಳಲ್ಲಿ ಮೂರು ಬಗೆ

ಹೋಸಿನ ತುದಿಯನ್ನು ಗಮನಿಸಿದರೆ ಒಳಗೆ ಒಂದು ಲೋಹದ ನಳಿಕೆ ಇರುತ್ತದೆ. ಇದಕ್ಕೆ ನಿಪ್ಪಲ್ ಎನ್ನುತ್ತಾರೆ. ಇದರ ಮೇಲೆ ಹಲ್ಲುಗಳಂತಹ ಉಬ್ಬುಗೆರೆಗಳಿರುತ್ತವೆ. ಹೋಸು ಈ ನಿಪ್ಪಲ್ ಮೇಲೆ ಕುಳಿತಿರುತ್ತದೆ. ಹೊರಗಿನಿಂದ ಅದನ್ನು ಯಾವುದಾದರೊಂದು ಸಾಧನ ಬಿಗಿಹಿಡಿದಿರುತ್ತದೆ. ಹೊರಗಿನ ಈ ಹಿಡಿತದ ಆಧಾರದ ಮೇಲೆ ಫಿಟ್ಟಿಂಗ್‌ಗಳನ್ನು ಹೀಗೆ ವಿಂಗಡಿಸಬಹುದು.

1. ಕ್ಲಿಪ್ ಬಗೆ: ಪಂಪ್‌ಸೆಟ್ಟಿನ ಸಕ್ಷನ್ ಮತ್ತು ಡೆಲಿವರಿ ಹೋಸುಗಳಲ್ಲಿ ಸಾಮಾನ್ಯ. ಸ್ಕ್ರೂ ತಿರುಗಿಸಿ ಬಿಗಿಯುವ ಪಟ್ಟಿ ಅಥವಾ ಬೋಲ್ಟ್ ಇರುವ ಕ್ಲಾಂಪ್ ಹೋಸನ್ನು ನಿಪ್ಪಲ್ ಮೇಲೆ ಅದುಮಿ ಹಿಡಿಯುತ್ತದೆ.

2. ತಿರುಪು ಬಗೆ: ಪವರ್ ಸ್ಪ್ರೇಯರಿನ ಹೋಸುಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಹೋಸನ್ನು ನಿಪ್ಪಲ್‌ಗೆ ಏರಿಸಿ, ಹೊರಗಿನ ನಟ್ಟನ್ನು ಸ್ಪ್ಯಾನರಿನಿಂದ ತಿರುಗಿಸಿ ಬಿಗಿಯಲಾಗುತ್ತದೆ. ಬೇಕಾದಾಗ ಬಿಚ್ಚಿ ಮತ್ತೆ ಜೋಡಿಸಲೆಂದೇ ಇದನ್ನು ರೂಪಿಸಲಾಗಿದೆ.

3. ಒತ್ತು ಬಗೆ, ಅಂದರೆ ಕ್ರಿಂಪ್ ಬಗೆ: ಟ್ರ್ಯಾಕ್ಟರಿನ ಹೈಡ್ರಾಲಿಕ್ ಹೋಸುಗಳಲ್ಲಿ ಇದೇ ಇರುತ್ತದೆ. ಹೊರಗಿನ ಉಕ್ಕಿನ ಬಳೆಯನ್ನು ವರ್ಕ್‌ಶಾಪುಗಳಲ್ಲಿ ಕ್ಯಾಪ್ ಅಥವಾ ಫೆರೂಲ್ ಎಂದು ಕರೆಯುತ್ತಾರೆ. ಕ್ರಿಂಪಿಂಗ್ ಯಂತ್ರದ ಅಚ್ಚುಗಳು ಈ ಕ್ಯಾಪನ್ನು ಸುತ್ತಲಿನಿಂದಲೂ ಏಕಕಾಲಕ್ಕೆ ಒತ್ತಿ ಕುಗ್ಗಿಸುತ್ತವೆ. ಕ್ಯಾಪಿನ ಒಳಹಲ್ಲುಗಳು ಹೋಸಿನೊಳಗಿನ ಉಕ್ಕಿನ ತಂತಿಯ ಹೆಣಿಗೆಯನ್ನು ಕಚ್ಚಿಕೊಳ್ಳುತ್ತವೆ. ಈ ಬದಲಾವಣೆ ಶಾಶ್ವತವಾದುದು. ಕುಗ್ಗಿದ ಲೋಹ ಮತ್ತೆ ಹಿಗ್ಗುವುದಿಲ್ಲ.

ಮೊದಲ ಎರಡು ಬಗೆಗಳಿಗೆ ಸಾಮಾನ್ಯ ಸಲಕರಣೆಗಳೇ ಸಾಕು. ಯಂತ್ರದ ಅಗತ್ಯ ಮುಖ್ಯವಾಗಿ ಬೀಳುವುದು ಮೂರನೆಯ ಬಗೆಗೆ.

ಕೈಯಿಂದ ಎಳೆದರೆ ಏಕೆ ಬರುವುದಿಲ್ಲ?

ಹೋಸಿನೊಳಗಿನ ಒತ್ತಡವು ಫಿಟ್ಟಿಂಗನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಈ ಬಲವನ್ನು ಅಂದಾಜಿಸುವುದು ಸುಲಭ: ಹೋಸಿನ ಒಳ ಅಡ್ಡಕೊಯ್ತದ ವಿಸ್ತೀರ್ಣವನ್ನು ಒತ್ತಡದಿಂದ ಗುಣಿಸಿದರಾಯಿತು. 1 ಬಾರ್ ಒತ್ತಡವೆಂದರೆ ಚದರ ಸೆಂ.ಮೀ.ಗೆ ಸರಿಸುಮಾರು 1 ಕಿ.ಗ್ರಾಂ.

- 10 ಮಿ.ಮೀ. ಒಳವ್ಯಾಸದ ಸ್ಪ್ರೇಯರ್ ಹೋಸಿನಲ್ಲಿ 30 ಬಾರ್ ಒತ್ತಡವಿದ್ದರೆ ಫಿಟ್ಟಿಂಗ್ ಮೇಲೆ ಬೀಳುವ ಬಲ ಸುಮಾರು 24 ಕಿ.ಗ್ರಾಂ.
- 75 ಮಿ.ಮೀ. ವ್ಯಾಸದ ಡೆಲಿವರಿ ಹೋಸಿನಲ್ಲಿ ಕೇವಲ 2 ಬಾರ್ ಒತ್ತಡವಿದ್ದರೂ ಸುಮಾರು 88 ಕಿ.ಗ್ರಾಂ.
- ಅರ್ಧ ಇಂಚಿನ ಹೈಡ್ರಾಲಿಕ್ ಹೋಸಿನಲ್ಲಿ 200 ಬಾರ್ ಒತ್ತಡವಿದ್ದರೆ ಸುಮಾರು 250 ಕಿ.ಗ್ರಾಂ.

ಇದರಿಂದ ಎರಡು ವಿಷಯ ಸ್ಪಷ್ಟವಾಗುತ್ತವೆ. ಒತ್ತಡ ಕಡಿಮೆಯಿದ್ದರೂ ಪೈಪು ದೊಡ್ಡದಾಗಿದ್ದರೆ ಬಲ ಹೆಚ್ಚಿರುತ್ತದೆ. ಆದ್ದರಿಂದ ನೀರಿನ ಪೈಪೆಂದು ಕ್ಲಿಪ್ಪನ್ನು ಸಡಿಲವಾಗಿ ಬಿಡಬಾರದು. ಎರಡನೆಯದಾಗಿ, ಹೈಡ್ರಾಲಿಕ್ ಹೋಸುಗಳನ್ನು ಕೆಲಸದ ಒತ್ತಡದ ನಾಲ್ಕು ಪಟ್ಟು ತಡೆಯುವಂತೆ ತಯಾರಿಸಲಾಗುತ್ತದೆ. ಎರಡು ಪದರ ತಂತಿ ಹೆಣಿಗೆಯ, 2ಎಸ್‌ಎನ್ ದರ್ಜೆಯ ಅರ್ಧ ಇಂಚಿನ ಹೋಸಿನ ಕೆಲಸದ ಒತ್ತಡ 275 ಬಾರ್. ಅದು ತಡೆಯಬೇಕಾದ ಒತ್ತಡ 1,100 ಬಾರ್. ಆ ಹಂತದಲ್ಲಿ ಫಿಟ್ಟಿಂಗ್ ಮೇಲಿನ ಬಲ ಸುಮಾರು 1,400 ಕಿ.ಗ್ರಾಂ. ಇಷ್ಟು ಭಾರಕ್ಕೂ ಜಾರದಂತೆ ಕುಳಿತಿರುವ ನಿಪ್ಪಲನ್ನು ಕೈಯಿಂದಾಗಲಿ, ಸುತ್ತಿಗೆಯಿಂದಾಗಲಿ ಬಿಡಿಸಲಾಗದು ಎಂಬುದರಲ್ಲಿ ಆಶ್ಚರ್ಯವಿಲ್ಲ.

ಯಂತ್ರ ಕೆಲಸ ಮಾಡುವ ವಿಧಾನ

ಬಳಕೆಯಲ್ಲಿರುವ ಯಂತ್ರಗಳು ಈ ಮೂರು ತತ್ವಗಳಲ್ಲಿ ಒಂದನ್ನು ಅಥವಾ ಒಂದಕ್ಕಿಂತ ಹೆಚ್ಚನ್ನು ಅನುಸರಿಸುತ್ತವೆ.

ಸೀಳುವ ಯಂತ್ರ: ಹೋಸಿನ ತುದಿಯನ್ನು ಹಿಡಿತದಲ್ಲಿ ಬಿಗಿದು, ಕ್ಯಾಪಿನ ಉದ್ದಕ್ಕೂ ಕತ್ತರಿಸುವ ಚಕ್ರವನ್ನು ಓಡಿಸಲಾಗುತ್ತದೆ. ಚಕ್ರ ಎಷ್ಟು ಆಳ ಇಳಿಯಬೇಕೆಂಬುದನ್ನು ತಡೆಯೊಂದು ನಿಯಂತ್ರಿಸುವುದರಿಂದ ಕ್ಯಾಪ್ ಮಾತ್ರ ಸೀಳುತ್ತದೆ. ಒಳಗಿನ ನಿಪ್ಪಲ್‌ಗೆ ಪೆಟ್ಟಾಗುವುದಿಲ್ಲ. ಎದುರುಬದುರಾಗಿ ಎರಡು ಕಡೆ ಸೀಳಿದರೆ ಕ್ಯಾಪ್ ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ಹಿಡಿತ ಕಳೆದುಕೊಂಡ ಹೋಸನ್ನು ಆಮೇಲೆ ಸುಲಭವಾಗಿ ಎಳೆದು ತೆಗೆಯಬಹುದು.

ಎಳೆಯುವ ಯಂತ್ರ: ಇದರಲ್ಲಿ ಗಟ್ಟಿಯಾದ ಚೌಕಟ್ಟು, ಹೋಸನ್ನು ಕಚ್ಚಿ ಹಿಡಿಯುವ ದವಡೆ ಹಾಗೂ ಫಿಟ್ಟಿಂಗಿನ ಹಿಂಬದಿಗೆ ಕೂರುವ ಸೀಳುಳ್ಳ ತಟ್ಟೆ ಇರುತ್ತವೆ. ಕೈಪಂಪಿನಿಂದ ಅಥವಾ ಮೋಟಾರಿನಿಂದ ನಡೆಯುವ ಹೈಡ್ರಾಲಿಕ್ ಸಿಲಿಂಡರ್ ಇವೆರಡನ್ನೂ ನಿಧಾನವಾಗಿ ದೂರ ಸರಿಸುತ್ತದೆ. ಪಿವಿಸಿ ಹೋಸುಗಳಿಗೆ ಮತ್ತು ಕ್ಯಾಪ್ ಸೀಳಿದ ನಂತರವೂ ಅಂಟಿಕೊಂಡಿರುವ ರಬ್ಬರ್ ಹೋಸುಗಳಿಗೆ ಇದು ಸೂಕ್ತ.

ಕತ್ತರಿಸುವ ಯಂತ್ರ: ಗುಜರಿ ಘಟಕಗಳಲ್ಲಿ ದೊಡ್ಡ ಪ್ರಮಾಣದ ಕೆಲಸಕ್ಕೆ ಬಳಸುವಂಥದು. ಬಲವಾದ ಅಲಗು ಹೋಸನ್ನು ಕ್ಯಾಪಿನ ಅಂಚಿನಲ್ಲಿಯೇ ತುಂಡರಿಸುತ್ತದೆ. ಲೋಹವಿರುವ ತುದಿ ಒಂದು ಕಡೆ, ರಬ್ಬರ್ ಭಾಗ ಇನ್ನೊಂದು ಕಡೆ ಬೇರೆಯಾಗುತ್ತವೆ. ಫಿಟ್ಟಿಂಗನ್ನು ಉಳಿಸಿಕೊಳ್ಳುವ ಉದ್ದೇಶ ಇಲ್ಲಿ ಇರುವುದಿಲ್ಲ.

ಒಬ್ಬ ರೈತರು ತಮ್ಮ ಒಂದೆರಡು ಹೋಸುಗಳಿಗಾಗಿ ಇಂತಹ ಯಂತ್ರವನ್ನು ಕೊಳ್ಳುವುದು ಲಾಭದಾಯಕವಲ್ಲ. ಬಾಡಿಗೆ ಆಧಾರದ ಕೃಷಿ ಯಂತ್ರಧಾರೆ ಕೇಂದ್ರಗಳು, ರೈತ ಉತ್ಪಾದಕ ಸಂಸ್ಥೆಗಳು, ಸಹಕಾರ ಸಂಘಗಳು ಹಾಗೂ ಟ್ರ್ಯಾಕ್ಟರ್ ದುರಸ್ತಿ ಮಾಡುವ ವರ್ಕ್‌ಶಾಪುಗಳಲ್ಲಿ ವರ್ಷವಿಡೀ ಹಳೆಯ ಹೋಸುಗಳು ಸೇರುತ್ತವೆ. ಅಂತಹ ಕಡೆ ಒಂದು ಯಂತ್ರವಿದ್ದರೆ ಉಪಯುಕ್ತ.

ಬಿಡಿಸಿದ ಫಿಟ್ಟಿಂಗಿನ ಮರುಬಳಕೆ: ಯಾವುದು ಸರಿ, ಯಾವುದು ತಪ್ಪು?

ಕ್ಲಿಪ್ ಬಗೆ – ಮರುಬಳಕೆ ಮಾಡಬಹುದು. ನಿಪ್ಪಲ್‌ನ ಉಬ್ಬುಗೆರೆಗಳು ಸವೆದಿಲ್ಲವೆಂದು ಖಚಿತಪಡಿಸಿಕೊಳ್ಳಿರಿ. ತುಕ್ಕು ಹಿಡಿದ ಅಥವಾ ತಿರುಪು ಜಾರುವ ಕ್ಲಿಪ್ಪನ್ನು ಬದಲಾಯಿಸಿರಿ. ಹೋಸಿನ ಹಳೆಯ ತುದಿಯನ್ನು ನೇರವಾಗಿ ಕತ್ತರಿಸಿ, ಹೊಸ ಭಾಗವನ್ನು ನಿಪ್ಪಲ್‌ಗೆ ಏರಿಸಿರಿ. ಪಿವಿಸಿ ಹೋಸು ಗಡುಸಾಗಿದ್ದರೆ ತುದಿಯನ್ನು ಕೆಲವು ನಿಮಿಷ ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತದೆ. ಬೆಂಕಿಯ ಜ್ವಾಲೆಗೆ ಹಿಡಿಯಬೇಡಿರಿ. ಒಳಗಿನ ನೂಲಿನ ಪದರ ಕರಗಿ ಬಲ ಕಳೆದುಕೊಳ್ಳುತ್ತದೆ.

ತಿರುಪು ಬಗೆ – ಷರತ್ತಿನೊಂದಿಗೆ ಮರುಬಳಕೆ ಮಾಡಬಹುದು. ನಟ್ಟಿನ ಎಳೆಗಳು ಪೂರ್ಣವಾಗಿರಬೇಕು, ಲೋಹದಲ್ಲಿ ಬಿರುಕು ಇರಬಾರದು, ವಾಷರ್ ಹೊಸದಾಗಿರಬೇಕು ಮತ್ತು ಹೋಸಿನ ಅಳತೆ ಫಿಟ್ಟಿಂಗಿಗೆ ಸರಿಯಾಗಿ ಹೊಂದಬೇಕು. 8.5 ಮಿ.ಮೀ. ಫಿಟ್ಟಿಂಗಿಗೆ 10 ಮಿ.ಮೀ. ಹೋಸನ್ನು ತಂತಿ ಸುತ್ತಿ ಬಿಗಿಯುವುದು ಸರಿಯಲ್ಲ. ಸಿಂಪರಣೆಯ ಮಧ್ಯೆ ಹೋಸು ಕಳಚಿದರೆ ಪೀಡೆನಾಶಕದ ದ್ರಾವಣ ನೇರವಾಗಿ ಮೈಮೇಲೆ ಬೀಳುತ್ತದೆ.

ಅಡಿಕೆ ಬೆಳೆಗಾರರು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಕೊಳೆರೋಗದ ನಿಯಂತ್ರಣಕ್ಕೆ ಬಳಸುವ ಶೇ. 1ರ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವಿರುತ್ತದೆ. ಸುಣ್ಣ ಕಡಿಮೆಯಾಗಿ ದ್ರಾವಣದಲ್ಲಿ ತಾಮ್ರ ಉಳಿದಾಗ ಅದು ಕಬ್ಬಿಣವನ್ನು ಕೊರೆಯುತ್ತದೆ. ದ್ರಾವಣದಲ್ಲಿ ಅದ್ದಿದ ಚಾಕುವಿನ ಅಲಗು ಕೆಂಪಾಗುವುದನ್ನು ತಾವು ನೋಡಿರಬಹುದು. ಕಬ್ಬಿಣದ ಫಿಟ್ಟಿಂಗಿನೊಳಗೆ ನಡೆಯುವುದೂ ಇದೇ ಕ್ರಿಯೆ. ಹೊರಗೆ ಚೆನ್ನಾಗಿ ಕಾಣುವ ಕಬ್ಬಿಣದ ನಿಪ್ಪಲ್ ಒಳಗೆ ತೆಳುವಾಗಿರಬಹುದು. ಆದ್ದರಿಂದ ಬೋರ್ಡೋ ಸಿಂಪರಣೆಗೆ ಬಳಸಿದ ಕಬ್ಬಿಣದ ಫಿಟ್ಟಿಂಗ್‌ಗಳನ್ನು ಮರುಬಳಕೆ ಮಾಡದೆ ಹಿತ್ತಾಳೆಯವನ್ನೇ ಆರಿಸಿಕೊಳ್ಳುವುದು ಸೂಕ್ತ. ಹಿತ್ತಾಳೆಯ ಫಿಟ್ಟಿಂಗ್‌ಗಳನ್ನೂ ಸಿಂಪರಣೆ ಮುಗಿದ ದಿನವೇ ನೀರು ಹಾಯಿಸಿ ತೊಳೆದಿಡಬೇಕು.

ಒತ್ತು ಬಗೆ – ಮರುಬಳಕೆ ಮಾಡಲೇಬಾರದು. ಒಮ್ಮೆ ಒತ್ತಿದ ಕ್ಯಾಪಿನ ಲೋಹ ತನ್ನ ಗಡಸನ್ನೂ ಅಳತೆಯನ್ನೂ ಬದಲಿಸಿಕೊಂಡಿರುತ್ತದೆ. ನಿಪ್ಪಲ್‌ನ ರಂಧ್ರ ಸ್ವಲ್ಪ ಕುಗ್ಗಿರುತ್ತದೆ, ಹಲ್ಲುಗಳು ಮೊಂಡಾಗಿರುತ್ತವೆ. ಅದನ್ನು ಹೊಸ ಹೋಸಿಗೆ ಹಾಕಿ ಮತ್ತೆ ಒತ್ತಿಸಿದರೆ ಹಿಡಿತ ಎಷ್ಟು ಬಂದಿದೆ ಎಂದು ಹೊರಗಿನಿಂದ ಯಾರೂ ಹೇಳಲಾರರು. ಹಾಗೆಯೇ ಬಳಸಿದ ಹೈಡ್ರಾಲಿಕ್ ಹೋಸಿನ ತುದಿ ಕತ್ತರಿಸಿ ಹೊಸ ಫಿಟ್ಟಿಂಗ್ ಒತ್ತಿಸುವುದೂ ತಪ್ಪು. ರಬ್ಬರು ಗಡುಸಾಗಿ, ತಂತಿಯ ಹೆಣಿಗೆ ದಣಿದಿರುತ್ತದೆ. ಹೈಡ್ರಾಲಿಕ್ ಹೋಸು ಕೆಟ್ಟರೆ ಹೋಸು ಮತ್ತು ಎರಡೂ ಫಿಟ್ಟಿಂಗ್ ಹೊಸದಾಗಿರುವ ಪೂರ್ಣ ಜೋಡಣೆಯನ್ನೇ ಹಾಕಿಸಬೇಕು.

ಹಾಗಿದ್ದರೆ ಒತ್ತು ಬಗೆಯ ಫಿಟ್ಟಿಂಗನ್ನು ಬಿಡಿಸುವುದಾದರೂ ಏಕೆ? ಎರಡು ಕಾರಣಗಳಿವೆ. ಮೊದಲನೆಯದಾಗಿ, ಹಳೆಯ ಫಿಟ್ಟಿಂಗ್ ಹೊಸದನ್ನು ಕೊಳ್ಳಲು ಅತ್ಯುತ್ತಮ ಮಾದರಿ. ಎಳೆಗಳ ಅಳತೆ ಮತ್ತು ಒಳಗಿನ ಇಳಿಜಾರಿನ ಕೋನ ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತವೆ. ನೋಟಕ್ಕೆ ಒಂದೇ ರೀತಿ ಕಂಡರೂ ಬಿಎಸ್‌ಪಿ, ಮೆಟ್ರಿಕ್ ಹಾಗೂ ಜೆಐಸಿ ಎಳೆಗಳು ಒಂದಕ್ಕೊಂದು ಹೊಂದುವುದಿಲ್ಲ. ಎರಡನೆಯದಾಗಿ, ಲೋಹವನ್ನು ರಬ್ಬರಿನಿಂದ ಬೇರ್ಪಡಿಸಿದರೆ ಗುಜರಿಯಲ್ಲಿ ಉತ್ತಮ ಬೆಲೆ ದೊರೆಯುತ್ತದೆ. ಹಿತ್ತಾಳೆಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಬೆಲೆಯಿರುವುದರಿಂದ ಅವೆರಡನ್ನೂ ಬೇರೆಬೇರೆಯಾಗಿ ಇಡುವುದು ಲಾಭಕರ.

ಹೋಸುಗಳನ್ನು ಸುಡಬೇಡಿರಿ

ಲೋಹವನ್ನು ಪಡೆಯಲು ಹಳೆಯ ಹೋಸುಗಳನ್ನು ಹೊಲದ ಬದುವಿನಲ್ಲಿ ಸುಡುವುದು ಅತ್ಯಂತ ಹಾನಿಕರ. ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲೀಯ ಅನಿಲ ಹೊರಬರುತ್ತದೆ. ಇದು ಕಣ್ಣು ಮತ್ತು ಶ್ವಾಸಕೋಶಗಳನ್ನು ಸುಡುತ್ತದೆ. ಜೊತೆಗೆ ಡೈಆಕ್ಸಿನ್ ಎಂಬ ವಿಷವಸ್ತುಗಳು ಉಂಟಾಗುತ್ತವೆ. ಇವು ಮಣ್ಣಿನಲ್ಲಿ ಬಹುಕಾಲ ಉಳಿದು, ಮೇವಿನ ಮೂಲಕ ಹಾಲಿಗೂ ಸೇರುತ್ತವೆ. ಫಿಟ್ಟಿಂಗ್ ಮೇಲಿನ ಸತುವಿನ ಲೇಪನ ಕಾದಾಗ ಏಳುವ ಹೊಗೆಯನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ಬಳಿಕ ಚಳಿಜ್ವರ ಬರಬಹುದು. ಸ್ಪ್ರೇಯರ್ ಹೋಸಾದರೆ ಅದರಲ್ಲಿ ಉಳಿದ ಪೀಡೆನಾಶಕವೂ ಹೊಗೆಯಲ್ಲಿ ಸೇರುತ್ತದೆ. ಬೆಂಕಿಯಲ್ಲಿ ಕಾದ ಉಕ್ಕು ತನ್ನ ಗಡಸನ್ನು ಕಳೆದುಕೊಳ್ಳುವುದರಿಂದ ಹಾಗೆ ಪಡೆದ ಫಿಟ್ಟಿಂಗ್ ಯಾವ ಕೆಲಸಕ್ಕೂ ಬಾರದು. ಯಂತ್ರದ ನಿಜವಾದ ಪ್ರಯೋಜನವಿರುವುದು ಇಲ್ಲಿಯೇ: ಬೆಂಕಿಯಿಲ್ಲದೆ, ಹೊಗೆಯಿಲ್ಲದೆ ಲೋಹ ಬೇರೆಯಾಗುತ್ತದೆ.

ಬಿಡಿಸುವ ಮುನ್ನ ಅನುಸರಿಸಬೇಕಾದ ಕ್ರಮ

1. ಉಪಕರಣವನ್ನು ಪೂರ್ಣವಾಗಿ ನೆಲಕ್ಕೆ ಇಳಿಸಿರಿ. ಎತ್ತಿದ ಟ್ರೇಲರಿನ ಕೆಳಗೆ ನಿಂತು ಹೋಸು ಬಿಚ್ಚುವ ಸಾಹಸ ಬೇಡ; ಹೋಸು ಸಡಿಲವಾದ ಕ್ಷಣವೇ ಟ್ರೇಲರ್ ಕೆಳಗಿಳಿಯುತ್ತದೆ.

2. ಇಂಜಿನ್ ನಿಲ್ಲಿಸಿ, ಹೈಡ್ರಾಲಿಕ್ ಲಿವರನ್ನು ಹಲವು ಬಾರಿ ಹಿಂದೆ ಮುಂದೆ ಸರಿಸಿ ಉಳಿದ ಒತ್ತಡವನ್ನು ಬಿಡುಗಡೆ ಮಾಡಿರಿ. ಸ್ಪ್ರೇಯರಿನಲ್ಲಿ ಪಂಪು ನಿಲ್ಲಿಸಿದ ಮೇಲೆ ಗನ್ನನ್ನು ತೆರೆದು ಒತ್ತಡ ಇಳಿಸಿರಿ.

3. ಹಳೆಯ ಹೋಸಿನ ಒಟ್ಟು ಉದ್ದವನ್ನು, ಫಿಟ್ಟಿಂಗ್‌ಗಳೂ ಸೇರಿದಂತೆ, ಅಳೆದು ಬರೆದಿಟ್ಟುಕೊಳ್ಳಿರಿ. ಹೋಸಿನ ಮೇಲೆ ಮುದ್ರಿತವಾದ ದರ್ಜೆ, ಅಳತೆ ಮತ್ತು ಕೆಲಸದ ಒತ್ತಡವನ್ನೂ ಬರೆದುಕೊಳ್ಳಿರಿ. ಒಮ್ಮೆ ತುಂಡರಿಸಿದ ಮೇಲೆ ಈ ವಿವರಗಳು ದೊರೆಯುವುದಿಲ್ಲ.

4. ಹೋಸನ್ನು ಯಂತ್ರದಿಂದ ಕಳಚಿ, ಎಣ್ಣೆಯನ್ನು ಡಬ್ಬಿಗೆ ಬಸಿಯಿರಿ. ಅರ್ಧ ಇಂಚಿನ ಹೋಸಿನ ಪ್ರತಿ ಮೀಟರಿನಲ್ಲಿ ಸುಮಾರು 125 ಮಿ.ಲೀ. ಎಣ್ಣೆ ಇರುತ್ತದೆ. ಎಣ್ಣೆಯಿರುವಾಗಲೇ ಕತ್ತರಿಸುವ ಚಕ್ರ ಹಚ್ಚಿದರೆ ಕಿಡಿ ತಗುಲಿ ಹೊತ್ತಿಕೊಳ್ಳಬಹುದು.

5. ಸ್ಪ್ರೇಯರ್ ಹೋಸನ್ನು ಮೂರು ಬಾರಿ ಶುದ್ಧ ನೀರು ಹಾಯಿಸಿ ತೊಳೆಯಿರಿ. ತೊಳೆದ ನೀರನ್ನು ಬಾವಿ, ಕೆರೆ, ಹಳ್ಳಗಳ ಬಳಿ ಚೆಲ್ಲದೆ ಅದೇ ಬೆಳೆಯ ಸಾಲಿಗೆ ಹಾಯಿಸಿರಿ. ರಬ್ಬರ್ ಕೈಗವಸು ಧರಿಸಿರಿ.

ಬಿಡಿಸುವಾಗ ವಹಿಸಬೇಕಾದ ಎಚ್ಚರಿಕೆ

ಯಂತ್ರ ಲಭ್ಯವಿಲ್ಲದ ಕಡೆ ಹೋಸನ್ನು ಕಾಲಿನಿಂದ ಅದುಮಿ ಹಿಡಿದು ಕೈ ಗ್ರೈಂಡರಿನಿಂದ ಕ್ಯಾಪ್ ಸೀಳುವ ರೂಢಿ ಇದೆ. ನಾಲ್ಕು ಇಂಚಿನ ಗ್ರೈಂಡರಿನ ಚಕ್ರ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ದುಂಡಗಿನ ಕ್ಯಾಪ್ ಸ್ವಲ್ಪ ಹೊರಳಿದರೂ ಚಕ್ರ ಸಿಕ್ಕಿಹಾಕಿಕೊಂಡು ಒಡೆಯುತ್ತದೆ ಅಥವಾ ಗ್ರೈಂಡರ್ ಕಾಲಿನ ಕಡೆಗೆ ಹಾರುತ್ತದೆ. ಅನಿವಾರ್ಯವಾದರೆ ಫಿಟ್ಟಿಂಗನ್ನು ವೈಸಿನಲ್ಲಿ ಬಿಗಿದೇ ಕೆಲಸ ಮಾಡಬೇಕು. ಗ್ರೈಂಡರಿನ ರಕ್ಷಾಕವಚವನ್ನು ತೆಗೆಯಬಾರದು.

ಕಣ್ಣಿಗೆ ರಕ್ಷಣಾ ಕನ್ನಡಕ ಕಡ್ಡಾಯ. ತುಂಡಾದ ಉಕ್ಕಿನ ತಂತಿಗಳು ಸೂಜಿಯಂತೆ ಚುಚ್ಚುವುದರಿಂದ ಬಿಡಿಸಿದ ಹೋಸನ್ನು ಎತ್ತಿಡುವಾಗ ಚರ್ಮದ ಕೈಗವಸು ಧರಿಸಬೇಕು. ತಿರುಗುವ ಚಕ್ರದ ಹತ್ತಿರ ಮಾತ್ರ ಸಡಿಲವಾದ ಕೈಗವಸು, ಟವೆಲ್, ಪಂಚೆಯ ಅಂಚು ಇರಬಾರದು. ಎಳೆಯುವ ಯಂತ್ರದಲ್ಲಿ ಹೋಸಿನ ನೇರಕ್ಕೆ ಯಾರೂ ನಿಲ್ಲಬಾರದು. ಹಿಡಿತ ಜಾರಿದರೆ ಫಿಟ್ಟಿಂಗ್ ಕಲ್ಲಿನಂತೆ ಸಿಡಿಯುತ್ತದೆ.

ಹೊಸ ಹೋಸು ಜೋಡಿಸಿದ ನಂತರ

ಕ್ಯಾಪಿನ ಅಂಚಿಗೆ ತಾಗಿದಂತೆ ಹೋಸಿನ ಮೇಲೆ ಬಣ್ಣದಿಂದ ಒಂದು ಗೆರೆ ಎಳೆಯಿರಿ. ಕೆಲವು ದಿನಗಳ ಕೆಲಸದ ಬಳಿಕ ಗೆರೆ ಕ್ಯಾಪಿನಿಂದ ದೂರ ಸರಿದಿದ್ದರೆ ಹೋಸು ಜಾರುತ್ತಿದೆ ಎಂದರ್ಥ. ತಕ್ಷಣ ಕೆಲಸ ನಿಲ್ಲಿಸಬೇಕು. ಒತ್ತಡ ಬಂದಾಗ ಹೋಸಿನ ಉದ್ದ ಶೇ. 2ರಷ್ಟು ಹೆಚ್ಚಬಹುದು ಅಥವಾ ಶೇ. 4ರಷ್ಟು ಕಡಿಮೆಯಾಗಬಹುದು. ಆದ್ದರಿಂದ ಹೋಸನ್ನು ಬಿಗಿಯಾಗಿ ಎಳೆದು ಕಟ್ಟದೆ ಸ್ವಲ್ಪ ಸಡಿಲು ಬಿಡಿರಿ. ತಿರುಚಿಕೊಂಡ ಸ್ಥಿತಿಯಲ್ಲಿ ನಟ್ಟು ಬಿಗಿಯಬೇಡಿರಿ. ಹೋಸಿನ ಮೇಲಿನ ಮುದ್ರಿತ ಸಾಲು ನೇರವಾಗಿದ್ದರೆ ತಿರುಚಿಲ್ಲವೆಂದು ತಿಳಿಯಬಹುದು. ಮೊದಲ ಪರೀಕ್ಷೆಯನ್ನು ಭಾರವಿಲ್ಲದೆ, ನಿಧಾನ ವೇಗದಲ್ಲಿ, ಜನರನ್ನು ದೂರವಿರಿಸಿ ಮಾಡಿರಿ.

ಸೋರಿಕೆ ಎಲ್ಲಿದೆಯೆಂದು ಬೆರಳಿನಿಂದ ಸವರಿ ನೋಡುವುದು ಅತ್ಯಂತ ಅಪಾಯಕರ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣದಿರಬಹುದು, ಆದರೆ ಚರ್ಮವನ್ನು ತೂರಿ ಒಳಸೇರುತ್ತದೆ. ಇದಕ್ಕೆ ಬದಲಾಗಿ ರಟ್ಟಿನ ತುಂಡನ್ನು ಉದ್ದನೆಯ ಕೋಲಿಗೆ ಕಟ್ಟಿ ಹೋಸಿನ ಬಳಿ ಹಿಡಿಯಿರಿ. ಸೋರಿಕೆಯಿದ್ದರೆ ರಟ್ಟು ಒದ್ದೆಯಾಗುತ್ತದೆ.

ಎಣ್ಣೆ ಅಥವಾ ಪೀಡೆನಾಶಕ ಹೀಗೆ ಚರ್ಮದೊಳಗೆ ಹೊಕ್ಕರೆ ಮೊದಲಿಗೆ ಸೊಳ್ಳೆ ಕಚ್ಚಿದಷ್ಟು ಸಣ್ಣ ಗುರುತು ಮಾತ್ರ ಕಾಣುತ್ತದೆ, ನೋವೂ ಕಡಿಮೆ. ಇದನ್ನು ಅಲಕ್ಷಿಸಿದರೆ ಒಳಗಿನ ಮಾಂಸ ಕೊಳೆತು ಬೆರಳು ಅಥವಾ ಕೈ ಕತ್ತರಿಸಬೇಕಾದ ಸ್ಥಿತಿ ಬರಬಹುದು. ಇದು ಶಸ್ತ್ರಚಿಕಿತ್ಸೆಯ ತುರ್ತು ಸಂದರ್ಭ. ಗಾಯವನ್ನು ಹಿಸುಕದೆ, ಶಾಖ ಕೊಡದೆ, ಮರುದಿನಕ್ಕೆ ಕಾಯದೆ, ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಕೂಡಲೇ ಹೋಗಬೇಕು. ಒಳಹೊಕ್ಕ ದ್ರವ ಯಾವುದೆಂದು ವೈದ್ಯರಿಗೆ ತಿಳಿಸಬೇಕು. ಪೀಡೆನಾಶಕವಾದರೆ ಅದರ ಲೇಬಲನ್ನು ಜೊತೆಗೆ ಒಯ್ಯಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಯಂತ್ರೋಪಕರಣಗಳ ತರಬೇತಿ ನಡೆಸುವಾಗ ಮೂರೂ ಬಗೆಯ ಫಿಟ್ಟಿಂಗ್‌ಗಳನ್ನು ರೈತರ ಕೈಗೆ ಕೊಟ್ಟು ಗುರುತಿಸುವ ಅಭ್ಯಾಸ ಮಾಡಿಸಿರಿ. ಒತ್ತು ಬಗೆಯ ಒಂದು ಹಳೆಯ ಫಿಟ್ಟಿಂಗನ್ನು ಉದ್ದಕ್ಕೆ ಸೀಳಿ ಒಳಭಾಗವನ್ನು ತೋರಿಸಿದರೆ, ಅದನ್ನು ಮತ್ತೆ ಏಕೆ ಬಳಸಬಾರದೆಂಬುದು ಮಾತಿಲ್ಲದೆಯೇ ಮನದಟ್ಟಾಗುತ್ತದೆ. ಮಳೆಗಾಲಕ್ಕೆ ಮುಂಚಿನ ಬೋರ್ಡೋ ಸಿಂಪರಣೆಗೂ ಬಿತ್ತನೆ ಪೂರ್ವದ ಉಳುಮೆಗೂ ಮೊದಲೇ ಹೋಸುಗಳ ಪರಿಶೀಲನೆ ನಡೆಯುವಂತೆ ನೋಡಿಕೊಂಡರೆ ಅವಸರದ, ಅಪಾಯದ ದುರಸ್ತಿ ತಪ್ಪುತ್ತದೆ.

ನೆನಪಿಡಬೇಕಾದ ಅಂಶಗಳು

- ಕ್ಲಿಪ್ ಬಗೆಯ ಫಿಟ್ಟಿಂಗನ್ನು ಮತ್ತೆ ಬಳಸಬಹುದು. ತಿರುಪು ಬಗೆಯದನ್ನು ಪರೀಕ್ಷಿಸಿ ಬಳಸಬಹುದು. ಒತ್ತು ಬಗೆಯದನ್ನು ಎಂದಿಗೂ ಬಳಸಬಾರದು.
- ಒತ್ತಡವನ್ನು ಪೂರ್ಣವಾಗಿ ಇಳಿಸದೆ ಯಾವ ಹೋಸನ್ನೂ ಬಿಚ್ಚಬಾರದು.
- ಲೋಹಕ್ಕಾಗಿ ಹೋಸನ್ನು ಸುಡಬಾರದು. ಯಂತ್ರದಿಂದ ಬೇರ್ಪಡಿಸಿ ಗುಜರಿಗೆ ನೀಡಬೇಕು.
- ಬಿಡಿಸಿದ ಫಿಟ್ಟಿಂಗನ್ನು ಹೊಸದನ್ನು ಕೊಳ್ಳುವಾಗ ಮಾದರಿಯಾಗಿ ಒಯ್ಯಬೇಕು.
- ಸೋರಿಕೆಯನ್ನು ರಟ್ಟಿನಿಂದ ಪತ್ತೆ ಮಾಡಬೇಕು, ಕೈಯಿಂದಲ್ಲ.

ಹೆಚ್ಚಿನ ಮಾಹಿತಿಗಾಗಿ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ಕೃಷಿ ಇಂಜಿನಿಯರಿಂಗ್ ವಿಭಾಗದ ತಜ್ಞರನ್ನು ಸಂಪರ್ಕಿಸಬಹುದು.